ಮುಂದುವರಿದ ಜಿಲ್ಲೆಯ ಟೀಚರು

ನಮ್ಮದು ಮುಂದುವರಿದ ಜಿಲ್ಲೆ. ನಾನು ಹೇಳುವುದಲ್ಲ, ಸರಕಾರವೇ ಹೇಳುತ್ತದೆ. ಜಿಲ್ಲೆಗಳ ಆದಾಯದ ಪಟ್ಟಿ ಪೇಪರಿನಲ್ಲಿ ಬಂದ ದಿನ ಗುರುವಾಯನಕೆರೆಯ ಹೋಟೆಲಿನಲ್ಲಿ ನಾವು ಅದನ್ನು ಗಟ್ಟಿಯಾಗಿ ಓದಿ ಇನ್ನೊಂದು ಚಾ ಹೇಳುತ್ತೇವೆ. ಪಟ್ಟಿಯ ತಳದಲ್ಲಿರುವ ಘಟ್ಟದ ಮೇಲಿನ ಜಿಲ್ಲೆಗಳನ್ನು ನೋಡಿ "ಪಾಪ" ಎನ್ನುತ್ತೇವೆ.

ನಮ್ಮೂರಿನ ಸರಕಾರಿ ಶಾಲೆ ನಡೆಯುತ್ತಿದ್ದುದು ಆ ಪಾಪದವರಿಂದಲೇ. ನಾನು ಓದುವಾಗ ಒಂದು ಬೆಂಚಿನಲ್ಲಿ ಆರು ಮಂದಿ ಕೂರುತ್ತಿದ್ದೆವು. ಮೊದಲು ಬೊಂಬಾಯಿಯ ದುಡ್ಡು ಬಂತು, ಆಮೇಲೆ ಗಲ್ಫಿನದ್ದು, ಅದರ ಹಿಂದೆಯೇ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು. ಊರಿನ ಮಕ್ಕಳೆಲ್ಲ ಅದನ್ನು ಹತ್ತಿದರು. ಉಳಿದದ್ದು ಕಲ್ಲುಕೋರೆಗೆ ದುಡಿಯಲು ಬಂದ ಕೊಪ್ಪಳ, ವಿಜಯಪುರದವರ ಮಕ್ಕಳು. ಇದ್ದ ಒಬ್ಬ ಟೀಚರೂ ವಿಜಯಪುರದ ಕಡೆಯವರು. ಸರಕಾರಿ ನೌಕರಿಯ ಪರೀಕ್ಷೆ ಬರೆಯುವಷ್ಟು ಬಡತನ ನಮ್ಮಲ್ಲಿ ಯಾರಿಗೂ ಉಳಿದಿರಲಿಲ್ಲ ನೋಡಿ.

ನನ್ನ ಮಗಳನ್ನೂ ವ್ಯಾನಿಗೇ ಹತ್ತಿಸಿದ್ದೆ. ಮೂರು ವರ್ಷ ಟೈ ಕಟ್ಟಿಕೊಂಡು ಹೋದಳು, ಎರಡಕ್ಷರ ಕೂಡಿಸಿ ಓದಲು ಬರಲಿಲ್ಲ. "ಇವಳ ತಲೆಗೆ ಹತ್ತುವುದಿಲ್ಲ" ಎಂದುಬಿಟ್ಟರು ಅಲ್ಲಿಯವರು. ಮರ್ಯಾದೆ ಬದಿಗಿಟ್ಟು ಸರಕಾರಿ ಶಾಲೆಗೆ ಸೇರಿಸಿದೆ. ಟೀಚರು ಶಾಲೆ ಬಿಟ್ಟ ಮೇಲೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಸ್ಸಿನ ಬೋರ್ಡು, ಬಿಸ್ಕೆಟ್ಟಿನ ಕವರು, ಸಿಕ್ಕಿದ್ದನ್ನೆಲ್ಲ ಓದಿಸಿದರು. ಒಂದು ಬೆಳಿಗ್ಗೆ ಅವಳು ಪೇಪರಿನ ತಲೆಬರಹ ಓದಿದಳು. ಸುಳ್ಳು ಯಾಕೆ, ನಾನು ಅತ್ತೇಬಿಟ್ಟೆ.

ಮಗಳು ಇನ್ನೂ ತಲೆಬರಹ ದಾಟಿ ಕೆಳಗಿನ ಸಾಲಿಗೆ ಬಂದಿರಲಿಲ್ಲ, ಅಷ್ಟರಲ್ಲಿ ಟೀಚರಿಗೆ ಅವರ ಜಿಲ್ಲೆಗೇ ವರ್ಗವಾಯಿತು. ಹೋಗಲಿಕ್ಕಿಲ್ಲ ಎಂದುಕೊಂಡೆ. ನಮ್ಮೂರು ಬಿಟ್ಟು ಆ ಬಿಸಿಲಿಗೆ ಯಾರು ಹೋಗುತ್ತಾರೆ ಮಾರಾಯ್ರೆ? ಮಗಳನ್ನು ಸೇರಿಸಿದ ಮೇಲೆ ಶಾಲಾ ಸಮಿತಿಗೆ ನಾನೇ ಅಧ್ಯಕ್ಷನಾಗಿದ್ದೆ. ಆ ಗತ್ತಿನಲ್ಲಿ ಒಂದು ಹಲಸಿನ ಹಣ್ಣು ಹೊತ್ತು ಅವರ ಬಾಡಿಗೆ ಕೋಣೆಗೆ ಹೋದೆ.

"ಎಂಥ ಟೀಚರ್, ಇಲ್ಲಿ ನಿಮಗೆ ಎಂಥ ಕಮ್ಮಿ ಉಂಟು? ರಸ್ತೆ ಉಂಟು, ನೀರುಂಟು, ಆಸ್ಪತ್ರೆ ಉಂಟು."

"ಏನೂ ಕಡಿಮಿ ಇಲ್ರೀ ಸರ. ನಮ್ಮ ಕಡೆನೂ ಈಗ ಕಾಲುವಿ ನೀರು ಬಂದೈತ್ರೀ, ಮನ್ಯಾಗ ಕಬ್ಬು ಹಚ್ಚ್ಯಾರ."

"ಮತ್ತೆ ನನ್ನ ಮಗಳ ಗತಿ ಎಂಥದು?"

ಅವರು ಟ್ರಂಕಿಗೆ ಸೀರೆ ಮಡಚಿ ಇಡುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ನನಗೂ ಒಬ್ಬಾಕಿ ಮಗಳದಾಳ್ರೀ. ನಿಮ್ಮಾಕಿ ವಾರಿಗೀನ, ಅಷ್ಟ ವಯಸ್ಸು. ಇಷ್ಟು ದಿನ ಅಜ್ಜಿ ಹತ್ರ ಬೆಳದಾಳ. ಆಕಿಗಿನ್ನೂ ಓದಾಕ ಬರಂಗಿಲ್ರೀ."

ನನಗೆ ನಾಚಿಕೆಯಾಯಿತು, ಥೂ ಎನ್ನುವಷ್ಟು. ಹಲಸಿನ ಹಣ್ಣನ್ನು ಬಾಗಿಲಲ್ಲಿಟ್ಟು ಮನೆಗೆ ಬಂದೆ.

ಮುಂದೆ ಇನ್ನೊಬ್ಬ ಟೀಚರಿಗಾಗಿ ಬೆಳ್ತಂಗಡಿಯ ಶಿಕ್ಷಣ ಇಲಾಖೆಯ ಆಫೀಸಿಗೆ ಎಷ್ಟು ಸಲ ಅಲೆದೆನೋ. ಅಂತೂ ಹೊಸ ಟೀಚರು ಬಂದರು, ಈ ಸಲ ರಾಯಚೂರಿನವರು. ಬಸ್ಸಿನಿಂದ ಅವರ ಚೀಲ ನಾನೇ ಇಳಿಸಿದೆ. ಊರು ಕೇಳಲಿಲ್ಲ, ಊಟ ಆಯಿತೇ ಎಂದೂ ಕೇಳಲಿಲ್ಲ.

"ಟೀಚರ್, ನಿಮಗೆ ಮಕ್ಕಳುಂಟಾ?" ಎಂದೆ. ಇಲ್ಲ ಎನ್ನಲಿ ದೇವರೇ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ.