ಕೈ ನಿಂತರೆ ಪಾಸು

ಜನವರಿ ಕೊನೆಯ ಗುರುವಾರ, ಸಂಜೆ ಆರು ದಾಟಿತ್ತು. ಬೆಂಗಳೂರಿನಿಂದ ಮಾರಿಕುಪ್ಪಂ ಕಡೆ ಹೋಗುವ ರೈಲಿನ ಹೆಂಗಸರ ಬೋಗಿ. ಹಾಜರಿದ್ದವರು: ಕಿಟಕಿಯ ಪಕ್ಕ ನಾನು, ಎದುರಿಗೆ ಡ್ಯೂಟಿ ಮುಗಿಸಿ ಬಂದ, ನಮ್ಮ ಗಣಿ ಊರಿನ ಕೋರಮಂಡಲ್ ಕಡೆಯ ಒಬ್ಬ ನರ್ಸ್, ಸುತ್ತ ದಿನಾ ಓಡಾಡುವ ಹೆಂಗಸರು. ಮುಖ್ಯವಾಗಿ ಬೇಕಾದವಳು ಇನ್ನೂ ಹತ್ತಿರಲಿಲ್ಲ. ಅವಳು ಹತ್ತುವುದು ಕೆ.ಆರ್. ಪುರದಲ್ಲಿ, ಇಳಿಯುವುದು ಬಂಗಾರಪೇಟೆಯಲ್ಲಿ. ನನ್ನ ಕೆಲಸ ಆ ಎರಡು ಸ್ಟೇಷನ್ನುಗಳ ನಡುವೆ ಮುಗಿಯಬೇಕಿತ್ತು.

ಕೆಲಸ ಇಷ್ಟೇ. ನನ್ನ ಮೊದಲ ಕವನ ಸಂಕಲನದ ಕರಡು ಚೀಲದಲ್ಲಿತ್ತು. ಪ್ರೆಸ್ಸಿನವರು ರಾತ್ರಿ ಎಂಟರವರೆಗೆ ಕಾಯುತ್ತೇವೆ, ‘ಹಾಕಿ’ ಎಂದರೆ ಬೆಳಗ್ಗೆ ಅಚ್ಚಿಗೆ ಹೋಗುತ್ತದೆ, ಇಲ್ಲದಿದ್ದರೆ ಮೆಷಿನ್ನಿಗೆ ಬೇರೆ ಕೆಲಸವಿದೆ ಎಂದಿದ್ದರು. ಕವಿತೆ ಚೆನ್ನಾಗಿವೆ ಎಂದೂ ಹೇಳಿದ್ದರು. ಅಚ್ಚು ಹಾಕಿಸಲು ಬಂದವರಿಗೆ ಪ್ರೆಸ್ಸಿನವರು ಇನ್ನೇನು ಹೇಳುತ್ತಾರೆ? ನಾನು ಜೀವನವಿಡೀ ಜನರನ್ನು ನಗಿಸಿದವಳು. ಮೊದಲು ಸ್ಟೇಜಿನ ಮೇಲೆ ಒಬ್ಬಳೇ ನಿಂತು, ಆಮೇಲೆ ಟೀವಿಯಲ್ಲಿ ಬೇರೆಯವರನ್ನು ನಿಲ್ಲಿಸಿ. ನನ್ನ ಯಾವ ಮಾತೂ ಈ ಬೋಗಿಯಲ್ಲಿ ಪಾಸಾಗದೆ ಹೊರಗೆ ಹೋಗಿರಲಿಲ್ಲ. ಕವಿತೆಗೂ ಅದೇ ನಿಯಮ ಎಂದು ತೀರ್ಮಾನ ಮಾಡಿದ್ದೆ. ಇಲ್ಲಿ ಬೇಡ ಎಂದರೆ ಪುಸ್ತಕ ಇಲ್ಲ.

ನಿಯಮದ ಮನೆಯಲ್ಲೇ ಬೆಳೆದವಳು ನಾನು. ಅಪ್ಪ ಬಂಗಾರಪೇಟೆ ತಾಲೂಕಿನ ಹಳ್ಳಿ ಬಿಟ್ಟು ಚಿನ್ನದ ಗಣಿಗೆ ಬಂದವರು. ಊರಿಗಾಂನಲ್ಲಿ ಗಣಿ ಕಾರ್ಮಿಕರ ಮನೆಸಾಲಿನಲ್ಲಿ, ಅಂದರೆ ಲೈನಿನಲ್ಲಿ, ನಮಗೊಂದು ಕೋಣೆ, ಅದರಲ್ಲೇ ಒಂದು ಅಡುಗೆ ಮೂಲೆ. ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಶಿಫ್ಟಿನ ಸೈರನ್ ಇತ್ತಲ್ಲ. ಲೈನಿನಲ್ಲಿ ಎಲ್ಲರೂ ಅದನ್ನು ಸಂಗು ಎನ್ನುತ್ತಿದ್ದರು. ಸಂಗಿಗೆ ಮೊದಲೇ ನಾವು ಎದ್ದು ಹಾಸಿಗೆ ಸುತ್ತಿಟ್ಟಿರಬೇಕು. ಮಧ್ಯಾಹ್ನದ ಸಂಗಿಗೆ ಅಮ್ಮ ಎಸರಿಗೆ ಅಕ್ಕಿ ಹಾಕುತ್ತಿದ್ದಳು. ಅಪ್ಪ ಬಂದು ಕೈಕಾಲು ತೊಳೆಯುವ ಹೊತ್ತಿಗೆ ಅನ್ನ ಬಸಿದಿರುತ್ತಿತ್ತು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ನಲ್ಲಿಯ ಹತ್ತಿರ ತಮಿಳು. ಒಂದೇ ಬೈಗುಳವನ್ನು ಮೂರು ಭಾಷೆಯಲ್ಲಿ ಮೂರು ಬಗೆಯ ಮರ್ಯಾದೆ ಕೊಟ್ಟು ಬೈಯಬಹುದು ಎಂದು ಕಲಿತದ್ದು ಆ ನಲ್ಲಿಯ ಸಾಲಿನಲ್ಲಿ. ನನ್ನ ಹಾಸ್ಯದ ಬಂಡವಾಳ ಅಷ್ಟೇ.

ಓದು ಮುಗಿದ ಮೇಲೆ ಬೆಂಗಳೂರಿನ ಒಂದು ಆಫೀಸಿನಲ್ಲಿ ಗುಮಾಸ್ತೆಯಾದೆ. ದಿನಾ ಇದೇ ರೈಲು. ಒಂದು ಸಂಜೆ ಟೇಕಲ್ ದಾಟಿದ ಮೇಲೆ ರೈಲು ನಿಂತೇಬಿಟ್ಟಿತು. ಮನೆಯಲ್ಲಿ ಮಕ್ಕಳು ಕಾಯುತ್ತಿರುತ್ತಾರೆ, ಒಲೆ ಹಚ್ಚಿಲ್ಲ, ಎಲ್ಲರ ಮುಖವೂ ಗಂಟಿಕ್ಕಿತ್ತು. ನಾನು ಎದ್ದು ನಿಂತು ನಮ್ಮ ಸೂಪರಿಂಟೆಂಡೆಂಟರು ರಜೆ ಅರ್ಜಿ ನೋಡುವ ಬಗೆ ಮಾಡಿ ತೋರಿಸಿದೆ. ಆಮೇಲೆ ಅದೇ ಮನುಷ್ಯ ಬಿಂದಿಗೆ ಹಿಡಿದು ನಮ್ಮ ಲೈನಿನ ನಲ್ಲಿಗೆ ಬಂದರೆ ಅಲ್ಲಿಯ ಹೆಂಗಸರು ಅವರನ್ನು ಹೇಗೆ ವಿಚಾರಿಸಿಕೊಳ್ಳುತ್ತಾರೆ ಎಂದು ಮೂರೂ ಭಾಷೆಯಲ್ಲಿ ತೋರಿಸಿದೆ. ಬೋಗಿ ನಕ್ಕಿತು. ಮೂಲೆಯಲ್ಲಿ ಮಡಿಲಿಗೆ ಟವೆಲ್ ಹಾಸಿಕೊಂಡು ಅವರೆಕಾಯಿ ಬಿಡಿಸುತ್ತಿದ್ದ ಹುಡುಗಿಯೊಬ್ಬಳು ಮಾತ್ರ ನಗಲಿಲ್ಲ.

‘ಅಕ್ಕ, ಬಿಂದ್ಗೆದು ಪಾಸು,’ ಎಂದಳು. ‘ಅರ್ಜಿದು ಆಲ್ಟರು.’

ಅವಳು ಬಂಗಾರಪೇಟೆ ಹತ್ತಿರದ ಹಳ್ಳಿಯವಳು. ಗಾರ್ಮೆಂಟ್ಸಿನಲ್ಲಿ ಚೆಕರ್ ಕೆಲಸ. ಹೊಲಿದು ಬಂದ ಶರ್ಟನ್ನು ಟೇಬಲ್ ಮೇಲೆ ಹರಡಿ ನೋಡಿ, ಸರಿಯಿದ್ದರೆ ಪಾಸ್, ಬಿಚ್ಚಿ ಮತ್ತೆ ಹೊಲಿಯಬೇಕಿದ್ದರೆ ಆಲ್ಟರ್, ಕೆಟ್ಟೇ ಹೋಗಿದ್ದರೆ ರಿಜೆಕ್ಟ್. ದಿನವಿಡೀ ಆ ಮೂರೇ ಮಾತು ಆಡಿ ಬಂದವಳು ರೈಲಿನಲ್ಲಿಯೂ ಅವನ್ನೇ ಆಡುತ್ತಿದ್ದಳು.

‘ಎಲ್ಲಾ ನಕ್ಕರಲ್ಲ?’ ಎಂದೆ.

‘ನಗೂನ ಯಾಕೆ ನೋಡ್ತೀಯ ಅಕ್ಕ? ಪಕ್ಕದೋಳು ನಕ್ರೆ ನಾನೂ ನಗ್ತೀನಿ. ನಗೂ ಸುಳ್ಳಾಡ್ತದೆ. ಕೈ ನೋಡು. ಕಾಯಿ ಬಿಡ್ಸೋ ಕೈ ನಿಂತ್ರೆ ಪಾಸು.’

ಮರುದಿನದಿಂದ ನಾನು ಕೈ ನೋಡತೊಡಗಿದೆ. ಸಂಜೆಯ ಆ ಬೋಗಿಯಲ್ಲಿ ಸುಮ್ಮನಿರುವ ಕೈ ಒಂದೂ ಇರುವುದಿಲ್ಲ. ಸೊಪ್ಪು ಬಿಡಿಸುತ್ತಾರೆ, ಬೆಳ್ಳುಳ್ಳಿ ಸುಲಿಯುತ್ತಾರೆ, ಹೂ ಕಟ್ಟುತ್ತಾರೆ, ಮನೆಗೆ ಹೋದ ತಕ್ಷಣ ಒಲೆಗೆ ಇಡಬೇಕಲ್ಲ. ಅಂಥ ಕೈಯನ್ನು ನಿಲ್ಲಿಸುವುದು ಸುಲಭದ ಮಾತಲ್ಲ. ನಾನು ಬೆಳಗ್ಗೆ ರೈಲಿನಲ್ಲಿ ಬರೆಯುತ್ತಿದ್ದೆ, ಸಂಜೆ ರೈಲಿನಲ್ಲಿ ಒಪ್ಪಿಸುತ್ತಿದ್ದೆ. ಪಾಸಾದದ್ದು ಉಳಿಯಿತು, ಮಿಕ್ಕದ್ದು ಮಾಲೂರು ದಾಟುವ ಮೊದಲೇ ಸತ್ತಿತು.

ಮೊದಲ ಸ್ಟೇಜ್ ಸಿಕ್ಕಿದ್ದು ಬಂಗಾರಪೇಟೆಯಲ್ಲಿ, ಗಣೇಶನ ಹಬ್ಬದ ಆರ್ಕೆಸ್ಟ್ರಾದ ನಡುವೆ. ಗಾಯಕನ ಗಂಟಲು ಕಟ್ಟಿತ್ತು. ‘ಐದು ನಿಮಿಷ ಮೇಡಂ, ಜನ ಎದ್ದರೆ ಇಳಿದುಬಿಡಿ,’ ಎಂದರು ಸಂಘಟಕರು. ಹೆಂಗಸೊಬ್ಬಳು ಮೈಕ್ ಹಿಡಿದು ಹಾಡದೆ, ಭಾಷಣವನ್ನೂ ಮಾಡದೆ ನಿಂತದ್ದನ್ನು ಆ ಊರು ಅಲ್ಲಿಯವರೆಗೆ ನೋಡಿರಲಿಲ್ಲ. ಮೊದಲ ಮಾತಿಗೆ ಮುಂದಿನ ಸಾಲಿನ ಗಂಡಸೊಬ್ಬರು ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು. ಸಾಕಾಯಿತು, ನಾನು ಗೆದ್ದೆ ಎಂದು ಅಲ್ಲೇ ಗೊತ್ತಾಯಿತು. ಗಾಯಕನ ಗಂಟಲು ಸರಿಹೋದರೂ ಜನ ನನ್ನನ್ನು ಇಳಿಯಲು ಬಿಡಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಚಾಟ್ಸ್ ಗಾಡಿಯ ಮುಂದೆ ಪಾನಿಪುರಿ ತಿನ್ನುತ್ತ ನನ್ನ ಚೆಕರ್ ತೀರ್ಪು ಕೊಟ್ಟಳು: ‘ಎರಡು ಆಲ್ಟರ್ ಇದ್ವು. ಆದ್ರೂ ಲಾಟು ಪಾಸು.’

ಅಲ್ಲಿಂದ ಮುಂದೆ ಕೋಲಾರ, ಚಿಂತಾಮಣಿ, ಬೆಂಗಳೂರು, ಎಲ್ಲೆಲ್ಲೂ ಕರೆದರು. ಆಗ ಅದನ್ನು ನಗೆ ಕಾರ್ಯಕ್ರಮ ಎನ್ನುತ್ತಿದ್ದರು, ಸ್ಟ್ಯಾಂಡ್-ಅಪ್ ಎಂಬ ಹೆಸರು ಆಮೇಲೆ ಬಂತು. ಹೆಸರು ಬಂದಾಗ ನನಗೆ ಆಗಲೇ ಕನ್ನಡಕ ಬಂದಿತ್ತು. ಟೀವಿಯವರು ಮೊದಲು ಮಾತಾಡಲು ಕರೆದರು, ಆಮೇಲೆ ಕಾರ್ಯಕ್ರಮವನ್ನೇ ನಡೆಸಿಕೊಡಿ ಎಂದರು. ಹೀಗೆ ನಾನು ನಿರ್ಮಾಪಕಿಯಾದೆ. ಸಂಜೆಯ ರೈಲು ತಪ್ಪಿಸುವ ಶೂಟಿಂಗ್ ಮಾಡುವುದಿಲ್ಲ ಎಂದು ಮೊದಲ ದಿನವೇ ಹೇಳಿದೆ. ನಕ್ಕರು. ಲೈಟಿನವರು ಬರುವ ಮೊದಲೇ ನಾನು ಸೆಟ್ಟಿನಲ್ಲಿ ಕೂತಿರುವುದನ್ನು ಒಂದು ವಾರ ನೋಡಿದ ಮೇಲೆ ನಗುವುದು ಬಿಟ್ಟು ಬೇಗ ಬರತೊಡಗಿದರು. ಟೀವಿಯಲ್ಲಿ ಹೊತ್ತಿಗೆ ಸರಿಯಾಗಿ ಮುಗಿಯುವ ಕೆಲಸವೇ ಇಲ್ಲ ಎಂದವರೆಲ್ಲ ನನ್ನ ಜೊತೆ ಆರು ಗಂಟೆಗೆ ಮನೆಗೆ ಹೋದರು.

ಎಡಿಟಿಂಗ್ ಕೋಣೆಯಲ್ಲಿ ಮಾತ್ರ ಒಂದು ಜಗಳವಾಯಿತು.

‘ಮೇಡಂ, ಇಲ್ಲಿ ನಗು ಹಾಕೋಣ,’ ಎಂದ ಎಡಿಟರ್.

‘ಯಾರ ನಗು?’

‘ರೆಕಾರ್ಡ್ ಮಾಡಿಟ್ಟದ್ದು ಸ್ಟಾಕ್‌ನಲ್ಲಿದೆ ಮೇಡಂ.’

‘ಅವರು ಯಾವ ಮಾತಿಗೆ ನಕ್ಕಿದ್ದರಪ್ಪ?’

ಅವನು ಟೇಪಿನ ಮೇಲಿನ ಚೀಟಿ ಹುಡುಕತೊಡಗಿದ. ‘ಯಾರೆಂದು ಗೊತ್ತಿಲ್ಲದವರನ್ನು ನನ್ನ ಕಾರ್ಯಕ್ರಮಕ್ಕೆ ಕರೆಯಬೇಡ,’ ಎಂದೆ.

ಮುಂದಿನ ಶೂಟಿಂಗಿಗೆ ನನ್ನ ಬೋಗಿಯ ಹೆಂಗಸರನ್ನೇ ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿದೆ. ಒಬ್ಬೊಬ್ಬರ ಮುಂದೆ ಒಂದು ಮೊರ, ಒಂದು ರಾಶಿ ಅವರೆಕಾಯಿ. ಒಂದು ಕ್ಯಾಮೆರಾ ಅವರ ಕೈಗಳ ಮೇಲೆ. ‘ಇದೇನು ಮೇಡಂ, ಕಾಮಿಡಿ ಶೋನಾ, ತರಕಾರಿ ಮಾರ್ಕೆಟ್ಟಾ?’ ಎಂದು ಚಾನೆಲ್ಲಿನ ದೊಡ್ಡವರು ಕೇಳಿದರು. ಪ್ರಸಾರವಾದ ಮೇಲೆ ಅವರೇ ಫೋನ್ ಮಾಡಿ ‘ಆ ಕೈಗಳನ್ನು ಮುಂದಿನ ವಾರವೂ ತನ್ನಿ,’ ಎಂದರು. ಅವರೆಯ ಕಾಲ ಮುಗಿದರೆ ಬಟಾಣಿ, ಬಟಾಣಿ ಸಿಗದಿದ್ದರೆ ಕಟ್ಟಲು ಕನಕಾಂಬರ. ದೊಡ್ಡ ದೊಡ್ಡ ಮಾತುಗಾರರು ಆ ಸಾಲಿನ ಮುಂದೆ ಬೆವರಿದರು. ಹೊಸಬರು ಒಬ್ಬರನ್ನೊಬ್ಬರು ‘ಕೈ ನಿಂತವಾ?’ ಎಂದು ಕೇಳುವುದು ಊರೆಲ್ಲ ಹಬ್ಬಿತು. ನಾನು ನಿವೃತ್ತಿಯಾದ ಮೇಲೂ ಆ ಮೊದಲ ಸಾಲು ನಡೆಯುತ್ತಿದೆ. ಅದು ನನ್ನದು ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಕವಿತೆ ಬಂದದ್ದು ಅದೇ ಸಾಲಿನಿಂದ. ಗಣಿ ಮುಚ್ಚಿ, ಸಂಗು ನಿಂತುಹೋದ ಮೇಲೂ ಅಮ್ಮ ಎಸರಿಟ್ಟು ಸಂಗಿಗೆ ಕಾಯುತ್ತಿದ್ದಳು. ಅದನ್ನು ಒಂದು ಕಂತಿನಲ್ಲಿ ಹೇಳಿದೆ. ಸಭೆ ಚೆನ್ನಾಗಿ ನಕ್ಕಿತು. ಮೊದಲ ಸಾಲಿನಲ್ಲಿ ಒಂದು ಕೈಯೂ ನಿಲ್ಲಲಿಲ್ಲ. ಈ ಮಾತು ನಗಿಸಲು ಹುಟ್ಟಿದ್ದಲ್ಲ ಎಂದು ತಿಳಿಯಿತು. ಆ ಕಂತಿನಿಂದ ಅದನ್ನು ತೆಗೆದುಹಾಕಿ ಮನೆಗೆ ಬಂದು ಬೇರೆ ಥರ ಬರೆದೆ. ಆಮೇಲೆ ಉಳಿದ ಕವಿತೆಗಳೂ ಒಂದೊಂದಾಗಿ ಬಂದವು.

ಈಗ ಗುರುವಾರಕ್ಕೆ ಬರುತ್ತೇನೆ. ಕೆ.ಆರ್. ಪುರದಲ್ಲಿ ನನ್ನ ಚೆಕರ್ ಹತ್ತಿದಳು. ಈಗ ಅವಳಿಗೂ ತಲೆ ನರೆತಿದೆ. ಗಾರ್ಮೆಂಟ್ಸ್ ಬಿಟ್ಟು ಕೆ.ಆರ್. ಪುರದಲ್ಲಿ ಮಗಳ ಟೈಲರಿಂಗ್ ಅಂಗಡಿ ನೋಡಿಕೊಳ್ಳುತ್ತಾಳೆ. ನಾನು ಸಂಜೆ ಕೊಂಡಿದ್ದ ಅವರೆಕಾಯಿ ಚೀಲವನ್ನು ಅವಳ ಮಡಿಲಿಗಿಟ್ಟೆ.

‘ಸೊಗಡು ಚೆನ್ನಾಗೈತೆ,’ ಎಂದು ಮೂಸಿ ನೋಡಿದಳು. ‘ನಮ್ ಮಾಲೂರು ಕಾಯೇ ಇರ್ಬೇಕು. ಬೆಂಗ್ಳೂರಿಗೋಗಿ ರೇಟು ಏರುಸ್ಕಂಡು ವಾಪಸ್ ಬತ್ತಾ ಐತೆ, ನಿನ್ ಥರ.’

‘ಕಾಯಿ ಬಿಡಿಸು. ಕವಿತೆ ಓದುತ್ತೇನೆ.’

‘ಕವಿತೆನಾ? ಯಾಕಕ್ಕ, ಮೈಗೆ ಉಷಾರಿಲ್ವಾ?’

ನರ್ಸ್ ನಕ್ಕು ಮೊಬೈಲ್ ಒಳಗಿಟ್ಟಳು. ಅವಳಿಗೂ ಒಂದು ಹಿಡಿ ಕಾಯಿ ಹೋಯಿತು, ಪಕ್ಕದವರಿಗೂ. ಕೈಗಳೆಲ್ಲ ಓಡತೊಡಗಿದವು. ನಾನು ಕನ್ನಡಕ ಏರಿಸಿ, ಸಂಕಲನದ ಮೊದಲ ಕವಿತೆಯನ್ನು ಕರಡು ನೋಡಿಕೊಂಡು ಓದಿದೆ. ‘ಹೇ ಕನಕಗರ್ಭೆ ಧರಿತ್ರಿ, ನಿನ್ನ ತಿಮಿರ ಕುಹರದಲಿ’ ಎಂದು ಅದರ ಶುರು. ಕೈಗಳು ಇನ್ನೂ ಜೋರಾಗಿ ಓಡಿದವು. ಬಾಗಿಲ ಹತ್ತಿರ ಯಾರೋ ‘ವೈಟ್‌ಫೀಲ್ಡ್ ಬಂತಾ?’ ಎಂದು ಕೇಳಿದರು. ಇನ್ನೊಬ್ಬರು ಬಂತು ಎಂದರು. ನಾನು ಕೊನೆಯ ಸಾಲು ತಲುಪಿದಾಗ ಅವಳ ಮಡಿಲಿನ ಟವೆಲ್ ಮೇಲೆ ಕಾಳು ಗುಡ್ಡೆಯಾಗಿತ್ತು.

‘ಸ್ಕೂಲಲ್ಲಿ ಪ್ರೇಯರ್ ಮಾಡಿದ ಹಾಗಿತ್ತಕ್ಕ,’ ಎಂದಳು ನರ್ಸ್, ಮೆಲ್ಲಗೆ.

‘ಅದ್ಯಾರಕ್ಕ ಮಾತಾಡಿದ್ದು?’ ಎಂದಳು ಚೆಕರ್. ‘ನೀನಂತೂ ಅಲ್ಲ. ರಿಜೆಕ್ಟು.’

ಆ ಜಾತಿಯವು ಸಂಕಲನದ ಮೊದಲಿಗೆ ನಾಲ್ಕಿದ್ದವು. ಕವಿತೆ ಎಂದರೆ ಹೀಗೆ ಶುರುವಾಗಬೇಕು ಎಂದುಕೊಂಡು ಬರೆದವು. ಎರಡನೆಯದನ್ನೂ ಓದಿದೆ. ಅದಕ್ಕೂ ಅದೇ ತೀರ್ಪು. ಮಾಲೂರು ಹೋಯಿತು. ಪ್ರೆಸ್ಸಿನವರಿಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸತೊಡಗಿದೆ. ಕರಡನ್ನು ಚೀಲಕ್ಕೆ ಹಾಕುವುದು ಕಂಡು ಅವಳು ಕೇಳಿದಳು.

‘ಅಷ್ಟೇನಾ?’

‘ಅಮ್ಮನದೊಂದಿದೆ.’

‘ಚೀಟಿ ನೋಡ್ದೆ ಬತ್ತದಾ?’

‘ಬರುತ್ತೆ.’

‘ಮತ್ತೆ ಚೀಟಿ ಯಾಕೆ? ಅವತ್ತು ಬಿಂದ್ಗೆದು ಚೀಟಿ ನೋಡ್ಕಂಡು ಯೋಳಿದ್ಯಾ? ನಮ್ ಕಡೆ ನೋಡ್ಕಂಡು ಯೋಳು.’

ಕನ್ನಡಕ ತೆಗೆದೆ. ರೈಲು ಟೇಕಲ್ ಬಿಟ್ಟಿತ್ತು. ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳಿದೆ.

ಎಸರು ಮರಳುತ್ತಿದೆ.
ತೊಳೆದ ಅಕ್ಕಿ ಅಮ್ಮನ ಕೈಯಲ್ಲೇ ಇದೆ,
ಕಿವಿ ಬಾಗಿಲಲ್ಲಿ.
ಸಂಗು ಕೂಗಲಿ, ಹಾಕುತ್ತೇನೆ ಎನ್ನುತ್ತಾಳೆ.
ಕೂಗುವ ಗಣಿ ಮುಚ್ಚಿ ವರ್ಷಗಳಾದವು.
ಎಸರು ಬತ್ತಿತಮ್ಮ ಎಂದರೆ
ಇನ್ನೊಂದು ಚೆಂಬು ನೀರು ಹೊಯ್ದು
ಮತ್ತೆ ನಿಲ್ಲುತ್ತಾಳೆ.

ಆಮೇಲೆ ಎರಡು ಸಾಲು ಇದ್ದವು: ಓ ಕಾಲವೇ ನೀನೆಷ್ಟು ಕ್ರೂರಿ, ಕಾಯುವವರ ಎದೆ ನಿನಗೇನು ಗೊತ್ತು. ಅವನ್ನೂ ಹೇಳಿದೆ.

ಅವಳ ಬೆರಳುಗಳ ನಡುವೆ ಒಂದು ಕಾಯಿ ಅರ್ಧ ಬಿರಿದು ನಿಂತಿತ್ತು. ಕಾಳು ಒಳಗೇ ಇತ್ತು. ನರ್ಸಿನ ಕೈ ಮಡಿಲಲ್ಲಿತ್ತು. ಎರಡು ಸೀಟು ಆಚೆ ಹೂ ಕಟ್ಟುತ್ತಿದ್ದವಳ ದಾರ ಸಡಿಲವಾಗಿ ಜೋತುಬಿದ್ದಿತ್ತು. ನಾನು ಮೂವರನ್ನೂ ನೋಡಿದೆ.

‘ಎಂಗ ಪಾಟ್ಟಿಯುಂ ಅಪ್ಪಡಿದಾನ್,’ ಎಂದಳು ನರ್ಸ್. ನಮ್ಮಜ್ಜಿಯೂ ಹಾಗೇ, ಎಂದು.

ಚೆಕರ್ ಕಾಯನ್ನು ಒಮ್ಮೆ ನೋಡಿಕೊಂಡು ಬಿಡಿಸದೆ ಚೀಲಕ್ಕೇ ಹಾಕಿದಳು. ‘ಪಾಸು,’ ಎಂದಳು. ಆಮೇಲೆ ಸೇರಿಸಿದಳು: ‘ಚೆಂಬು ನೀರಿಗೇ ಮುಗೀತಲ್ಲಕ್ಕ. ಕಾಲ ಗೀಲ ಅಂತ ಕೊನೇಗೆ ಬಂತಲ್ಲ, ಅದು ಶರ್ಟಲ್ಲಿ ನೇತಾಡೋ ದಾರ. ಕತ್ತರಿಸು.’

‘ಅದಿಲ್ಲದಿದ್ದರೆ ಅರ್ಥ ಆಗುತ್ತಾ?’

‘ಆಗದೇನೇ ಕೈ ನಿಂತ್ವಾ?’

ಹೂ ಕಟ್ಟುತ್ತಿದ್ದವಳು ಇನ್ನೊಮ್ಮೆ ಹೇಳಿ ಎಂದಳು. ಆ ಎರಡು ಸಾಲಿನ ದಾರ ಕತ್ತರಿಸಿ ಹೇಳಿದೆ. ಈ ಸಲ ನಿಂತಿದ್ದವರೂ ಬಗ್ಗಿ ಕೇಳಿದರು. ಇನ್ನೂ ಎರಡು ಹೇಳಿದೆ, ಅಪ್ಪನ ಬೂಟಿನದು, ನಲ್ಲಿಯದು. ನಲ್ಲಿಯದಕ್ಕೆ ನಕ್ಕರು, ನಕ್ಕೂ ಕೈ ನಿಲ್ಲಿಸಿದರು. ಇಷ್ಟು ವರ್ಷದಲ್ಲಿ ನಾನು ಎರಡನ್ನೂ ಒಟ್ಟಿಗೆ ಪಡೆದದ್ದು ಕಡಿಮೆ. ಬಂಗಾರಪೇಟೆಯ ದೀಪ ಕಂಡಾಗ ಚೆಕರ್ ಟವೆಲಿನ ಕಾಳನ್ನೂ ಚೀಲಕ್ಕೆ ಸುರಿದು, ಎದ್ದು ಸೆರಗು ಕೊಡವಿ ಚೀಲವನ್ನು ನನ್ನ ಕೈಗೆ ತುರುಕಿದಳು.

‘ನಿನ್ ಕವಿತೆ ದೆಸೆಯಿಂದ ಅರ್ಧ ಕಾಯಿ ಅಂಗೇ ಉಳೀತು. ನೀನೇ ಬಿಡಿಸ್ಕೋ. ಬುಕ್ಕು ಬಂದ್ರೆ ಮೊದ್ಲು ನನ್ ಟೇಬಲ್ಲಿಗೆ ಬರ್ಬೇಕು.’

ಪ್ಲಾಟ್‌ಫಾರಂ ಮೇಲೆ ಅವಳು ತಿರುಗಿ ನೋಡದೆ ನಡೆದುಹೋದಳು. ರೈಲು ಹೊರಡುವ ಮೊದಲೇ ನಾನು ಪ್ರೆಸ್ಸಿಗೆ ಫೋನ್ ಮಾಡಿದೆ. ಎಂಟಕ್ಕೆ ಇನ್ನೂ ಹೊತ್ತಿತ್ತು. ಮೊದಲ ನಾಲ್ಕು ಕವಿತೆ ತೆಗೆಯಿರಿ, ಅಮ್ಮನದನ್ನು ಮೊದಲಿಗೆ ತನ್ನಿ, ಅದರ ಕೊನೆಯ ಎರಡು ಸಾಲು ಕತ್ತರಿಸಿ, ಮಿಕ್ಕದ್ದು ಹಾಕಿ ಎಂದೆ. ಪುಟ ಕಮ್ಮಿಯಾಗುತ್ತೆ ಮೇಡಂ, ಪುಸ್ತಕ ತೆಳ್ಳಗಾಗುತ್ತೆ ಎಂದರು. ಆಗಲಿ ಎಂದೆ.

ಊರಿಗಾಂನಲ್ಲಿ ಇಳಿದು ಮನೆಗೆ ಬಂದು ಕೈಕಾಲು ತೊಳೆದೆ. ಬೆಳಗ್ಗೆ ಹಿತಕಿದ ಅವರೆಬೇಳೆ ಸಾರು ಮಾಡಬೇಕು. ಉಳಿದ ಕಾಯನ್ನೆಲ್ಲ ಬಿಡಿಸಿದೆ. ಅವಳು ಬಿಟ್ಟ ಆ ಅರ್ಧ ಬಿರಿದ ಕಾಯಿಯೂ ಸಿಕ್ಕಿತು. ಅದರ ಕಾಳನ್ನೂ ಸೇರಿಸಿ, ಸಿಪ್ಪೆ ಗುಡಿಸಿ, ಪಾತ್ರೆಗೆ ನೀರು ಹೊಯ್ದು ಕಾಳು ನೆನೆಹಾಕಿ ತಟ್ಟೆ ಮುಚ್ಚಿದೆ.