ಪಾಲಾಗದ ಮಾಳಿಗೆ

ದೇಶದ ಸಂಸ್ಥಾನಗಳೆಲ್ಲ ಒಂದಾಗುತ್ತಿದ್ದ ಕಾಲದಲ್ಲಿ ನಮ್ಮ ಮನೆ ಎರಡಾಯಿತು. ಜತ್ತ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಕೂಡಿಕೊಂಡ ಮರುವರ್ಷ ನನ್ನ ತಂದೆ ಮತ್ತು ದೊಡ್ಡಪ್ಪ ಊರ ಹಿರಿಯರನ್ನು ಕೂರಿಸಿಕೊಂಡು, ಮುಚ್ಚಂಡಿಯ ನಮ್ಮ ಮಣ್ಣಿನ ಮಾಳಿಗೆಯ ಮನೆಯ ನಡುವೆ ಒಂದು ಗೋಡೆ ಎಬ್ಬಿಸಿದರು. ಗೋಡೆ ಬೀದಿ ಬಾಗಿಲಿನಿಂದ ನೆಟ್ಟಗೆ ಬಂದು, ಪಡಸಾಲೆಯ ಕೊನೆಗೆ ದೇವರ ಮನೆ ಎದುರಾದಾಗ ಗಕ್ಕನೆ ನಿಂತಿತು. ದೇವರನ್ನು ಪಾಲು ಮಾಡುವುದು ಬೇಡವೆಂದು ಹಿರಿಯರು ತೀರ್ಪು ಕೊಟ್ಟರು. ಗೋಡೆ ಭಕ್ತಿಯಿಂದ ನಾಲ್ಕು ಮೊಳ ನಮ್ಮ ಕಡೆಗೆ ಸರಿದು, ಮುಂದೆ ಮತ್ತೆ ನೆಟ್ಟಗೆ ಹೋಯಿತು. ಹೀಗೆ ದೇವರು ದೊಡ್ಡಪ್ಪನ ಪಾಲಿಗೆ ಹೋದ. ಪಡಸಾಲೆಯ ಒಂದೇ ಒಂದು ಬೆಳಕಿಂಡಿಯೂ ಅವನ ಹಿಂದೆಯೇ ಹೋಯಿತು. ನಮಗೆ ಬಂದದ್ದು ಬೀಸುವ ಕಲ್ಲು, ಎರಡು ಗೂಟ ಮತ್ತು ಕತ್ತಲೆ.

ಮಾಳಿಗೆಯನ್ನು, ಅಂದರೆ ಮನೆಯ ಮೇಲಿನ ಮಣ್ಣಿನ ಚಾವಣಿಯನ್ನು, ಮಾತ್ರ ಯಾರೂ ಪಾಲು ಮಾಡಲಿಲ್ಲ. ನಮ್ಮ ಕಡೆ ಅದು ಪದ್ಧತಿಯಲ್ಲ. ಕೆಳಗೆ ಎಷ್ಟು ಗೋಡೆ ಹಾಕಿದರೂ ಮೇಲೆ ಮಣ್ಣು ಒಂದೇ, ನೀರು ಹೋಗುವ ಹಾದಿ ಒಂದೇ. ವರ್ಷಕ್ಕೊಮ್ಮೆ ಮಳೆಗೆ ಮೊದಲು ಹಾಳುಬಿದ್ದ ಹಳೆಯ ಊರ ದಿಬ್ಬದ ಬಿಳಿ ಮಣ್ಣು ತಂದು ಎರಡೂ ಮನೆಯವರು ಕೂಡಿಯೇ ಹಾಸಬೇಕು. ಮಾತು ಬಿಟ್ಟ ಅಣ್ಣತಮ್ಮಂದಿರು ಕೂಡ ಅವತ್ತು ಬಾಯಿ ಮುಚ್ಚಿಕೊಂಡು ಬುಟ್ಟಿ ಹೊರುತ್ತಿದ್ದರು.

ನಾಲ್ಕಾರು ವರ್ಷಗಳಲ್ಲಿ ಹಿರಿಯರಿಬ್ಬರೂ ಶಿವಾಧೀನರಾದರು. ಗೋಡೆಯ ಆಚೆ ದೊಡ್ಡಪ್ಪನ ಮಗ ಉಳಿದ, ಈಚೆ ನಾನು. ಅವನು ನನಗಿಂತ ಎರಡು ತಿಂಗಳು ಮೊದಲು ಹುಟ್ಟಿದವನು. ಆ ಎರಡು ತಿಂಗಳಲ್ಲಿ ಅವನು ಏನು ಸಾಧಿಸಿದನೋ ನನಗೆ ಇಂದಿಗೂ ತಿಳಿಯದು. ಆದರೆ ಅದರ ಬಲದ ಮೇಲೆ ಜೀವನವಿಡೀ ನಾನು ಅವನಿಗೆ ‘ಅಣ್ಣಾ’ ಎನ್ನಬೇಕಾಯಿತು. ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಅವನ ಕೈಗುಣ. ಅವನು ಗೂಟ ಹೊಡೆದರೆ ಗೋಡೆ ಸಂತೋಷದಿಂದ ಒಪ್ಪಿಕೊಳ್ಳುತ್ತಿತ್ತು. ನಾನು ಹೊಡೆದರೆ ಗೂಟದ ಜೊತೆ ಅರ್ಧ ಗೋಡೆ ಕೈಗೆ ಬರುತ್ತಿತ್ತು.

ಒಂದು ಬೇಸಿಗೆಯಲ್ಲಿ ಅಣ್ಣ ಮಿರಜಿಗೆ ಹೋಗಿ ಒಂದು ಗಾಜು ತಂದ. ಮೋಟಾರಿನಲ್ಲಿ ಅದನ್ನು ಕಂಬಳಿಯಲ್ಲಿ ಸುತ್ತಿ, ಕೂಸನ್ನು ಹಿಡಿದ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದನಂತೆ. ಹಳೆಯ ಬೆಳಕಿಂಡಿ ಎಂದರೆ ಮಾಳಿಗೆಯ ತೂತಿನಲ್ಲಿ ಹುಗಿದ ತಳವಿಲ್ಲದ ಗಡಿಗೆ. ಮಳೆ ಬಂದರೆ ಯಾರಾದರೂ ಏಣಿ ಹತ್ತಿ ಅದಕ್ಕೆ ಹಾಸುಗಲ್ಲು ಮುಚ್ಚಬೇಕು, ಮುಚ್ಚಿದರೆ ಹಗಲಲ್ಲೇ ದೀಪ ಹಚ್ಚಬೇಕು. ಅಣ್ಣ ಆ ಗಡಿಗೆ ಕಿತ್ತು, ಘಾಸಲೇಟ, ಅಂದರೆ ಸೀಮೆ ಎಣ್ಣೆಯ, ಖಾಲಿ ಡಬ್ಬಿಯ ಮೇಲೂ ಕೆಳಗೂ ಕತ್ತರಿಸಿ ಅಲ್ಲಿ ನಿಲ್ಲಿಸಿದ. ಮೇಲೆ ಗಾಜು ಕೂರಿಸಿದ. ಆ ಖಾಲಿ ಡಬ್ಬಿಯನ್ನು ನನ್ನ ಕಿರಾಣಿ ಅಂಗಡಿಯಿಂದಲೇ ಒಯ್ದಿದ್ದ, “ಒಂದ ಡಬ್ಬಿ ಕೊಡ ತಮ್ಮಾ” ಎಂದು ನಗುತ್ತ ಕೇಳಿ. ನಾನೇ ಆರಿಸಿ, ತುಕ್ಕು ಹಿಡಿಯದ್ದನ್ನು ಕೊಟ್ಟಿದ್ದೆ. ದ್ರೋಹಕ್ಕೆ ಡಬ್ಬಿ ಒದಗಿಸಿದವನು ನಾನೇ ಎಂಬುದನ್ನು ದಾಖಲೆಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಊರು ನೋಡಲು ಬಂತು. ಕುರಿ ಕಾಯುವ ಮುದುಕನೊಬ್ಬ ಬಹಳ ಹೊತ್ತು ಕತ್ತು ಎತ್ತಿ ನಿಂತು, “ಮುಗಿಲ ಒಳಗ ಬರತೈತಿ, ಮಳಿ ಹೊರಗ ಉಳಿತೈತಿ ಅಂತೀರಿ. ಇದರಾಗ ಏನೋ ಮೋಸ ಐತಿ ಬಿಡ್ರಿ,” ಎಂದ. ಆ ಊರಿನಲ್ಲಿ ನನ್ನ ಮನಸ್ಸನ್ನು ಅರಿತವನು ಅವನೊಬ್ಬನೇ.

ಇಷ್ಟಕ್ಕೇ ಮುಗಿದಿದ್ದರೆ ನಾನು ದೊಡ್ಡ ಮನಸ್ಸಿನಿಂದ ಕ್ಷಮಿಸಿಬಿಡುತ್ತಿದ್ದೆ. ಆದರೆ ಅವ್ವ ಕೌದಿ ಹೊಲಿಯುತ್ತಿದ್ದಳು. ಮಧ್ಯಾಹ್ನ ನಾನು ಅಂಗಡಿ ಮುಚ್ಚಿ ಉಂಡು ಅಡ್ಡಾದಾಗ, ಅವಳು ಹಳೆಯ ಸೀರೆಯ ತುಂಡುಗಳನ್ನು ಹರವಿಕೊಂಡು, ಹೊಲಿಗೆಯ ಟಾಕು ಹಾಕುತ್ತ ಊರ ಸುದ್ದಿ ಹೇಳುತ್ತಿದ್ದಳು. ಯಾರ ಸೊಸೆ ಉಪ್ಪು ಹೆಚ್ಚು ಹಾಕಿದಳು, ಯಾರ ಎತ್ತು ಹಗ್ಗ ಹರಿಯಿತು, ಎಲ್ಲ. ಆ ಒಂದು ತಾಸು ನನ್ನದಾಗಿತ್ತು. ಅವಳ ಕಣ್ಣು ಆಗಲೇ ಮಂಜಾಗುತ್ತಿತ್ತು. ಸೂಜಿ ಪೋಣಿಸಲು ಬಾಗಿಲಿಗೆ ಬರಬೇಕು, ಬಾಗಿಲಿಗೆ ಬಂದರೆ ಗಾಳಿ, ಧೂಳು, ಕೋಳಿ. ಗಾಜು ಕೂತ ಮೂರನೆಯ ದಿನ ಉಂಡು ಕೈ ತೊಳೆದವಳೇ ಕೌದಿಯನ್ನು ಸುತ್ತಿ ಬಗಲಲ್ಲಿಟ್ಟುಕೊಂಡು ಹೊರಟಳು.

“ಎಲ್ಲಿಗಿ ಅವ್ವಾ?”

“ಬೆಳಕಿಗಿ,” ಎಂದಳು.

ಅಂದಿನಿಂದ ಪ್ರತಿ ಮಧ್ಯಾಹ್ನ ಗೋಡೆಯಾಚೆ ಅವಳ ನಗು ಕೇಳುತ್ತಿತ್ತು. ಅಣ್ಣನ ಹೆಂಡತಿ, ನಮ್ಮ ವೈನಿ, ಜೊತೆಗೆ ಕೂತು ಹೊಲಿಯುತ್ತಿದ್ದಳು. ಅಣ್ಣ ನಡುನಡುವೆ ಏನೋ ಹೇಳುತ್ತಿದ್ದ, ಅವ್ವ ಮತ್ತೆ ನಗುತ್ತಿದ್ದಳು. ನನ್ನ ಮಾತಿಗೆ ಅವಳು ಅಷ್ಟು ಹೊತ್ತು ನಕ್ಕದ್ದು ನೆನಪಿರಲಿಲ್ಲ. ಕೇಳಿಸಿಕೊಳ್ಳಲು ನಾನು ಬೀಸುವ ಕಲ್ಲಿನ ಮೇಲೆ ಕೂತು ಗೋಡೆಗೆ ಕಿವಿ ಹಚ್ಚುತ್ತಿದ್ದೆ.

“ಬೀಸೂ ಕಲ್ಲಿನ ಮ್ಯಾಲ ಕುಂದ್ರಬ್ಯಾಡ್ರಿ, ದರಿದ್ರ ಬರತೈತಿ,” ಎಂದಳು ನನ್ನ ಹೆಂಡತಿ.

“ಬಂದs ಐತಿ.”

“ಅಷ್ಟ ಹೊಟ್ಟಿ ಉರದ್ರ ನೀವೂ ಒಂದ ಕಿಂಡಿ ಹಾಕಸ್ರಿ.”

“ಹಾಕಸೂದಲ್ಲ. ಹಾಕತೀನಿ. ನನ್ನ ಕೈಲೆ.”

ಅವಳು ಮೊದಲು ನನ್ನ ಕೈ ನೋಡಿದಳು, ಆಮೇಲೆ ಮಾಳಿಗೆ ನೋಡಿದಳು. ಪಾತ್ರೆಗಳನ್ನು ಒಂದು ಮೂಲೆಗೆ ಸರಿಸಿಟ್ಟಳು.

ಗಾಜಿಗೆ ನಾನು ಮಿರಜಿಗೆ ಹೋಗಲಿಲ್ಲ. ನಾನು ಮರಾಠಿ ಏಳನೆಯ ಇಯತ್ತೆ ಪಾಸಾದ ಸರ್ಟಿಫಿಕೇಟಿಗೆ ಅಪ್ಪ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ಅಣ್ಣ ಐದರಲ್ಲೇ ಸಾಲೆ ಬಿಟ್ಟವನು. ಅವನ ಮೇಲೆ ನನಗಿದ್ದ ಒಂದೇ ಒಂದು ಮೇಲುಗೈ ಆ ಕಟ್ಟಿನೊಳಗಿತ್ತು. ಕತ್ತಲೆಯಲ್ಲಿ ಅದನ್ನು ಯಾರಿಗೂ ಓದಲಾಗುತ್ತಿರಲಿಲ್ಲ ಎಂಬುದು ಬೇರೆ ಮಾತು. ಗಾಜು ಬಿಚ್ಚಿ, ಸರ್ಟಿಫಿಕೇಟನ್ನು ಮಡಿಸಿ ಟ್ರಂಕಿನಲ್ಲಿಟ್ಟೆ. ಎರಡು ಡಬ್ಬಿ ಸೀಳಿ ಒಂದು ಮಾಡಿ, ಅಣ್ಣನದಕ್ಕಿಂತ ನಾಲ್ಕು ಬೆರಳು ಹೆಚ್ಚು ಅಗಲದ ಚೌಕಟ್ಟು ಬಡಿದೆ. ಬಡಿಯುವಾಗ ಹೆಬ್ಬೆರಳು ಎರಡು ಸಲ ನಡುವೆ ಬಂತು.

ಅಣ್ಣ ನೆಂಟರ ಹುಡುಗನೊಬ್ಬನಿಗೆ ಹೆಣ್ಣಿನ ಮಾತುಕತೆಗೆಂದು ಕುಣಿಕೋಣೂರಿಗೆ ಹೋದ ದಿನ ನೋಡಿ, ಗುದ್ದಲಿ ತೆಗೆದುಕೊಂಡು ಮಾಳಿಗೆ ಹತ್ತಿದೆ. ಮಾಳಿಗೆಯ ಅಗಲಕ್ಕೆ ಹಗ್ಗ ಹಿಡಿದು, ಅದನ್ನು ಸರಿಯಾಗಿ ಅರ್ಧ ಮಡಿಚಿ, ನಡುಗೆರೆ ಎಳೆದೆ. ಏಳನೆಯ ಇಯತ್ತೆಯ ಲೆಕ್ಕ. ನನ್ನ ಪಾಲಿನಲ್ಲಿ ಕಿಂಡಿ ಎಲ್ಲಿ ಬೇಕಾದರೂ ತೋಡಬಹುದಿತ್ತು. ಆದರೆ ಅಸೂಯೆಗೆ ದೂರದ ಜಾಗ ಸೇರುವುದಿಲ್ಲ. ಕಾಳು ಒಣಹಾಕಲು ಮೇಲೆ ಬಂದವರಿಗೆ ಎರಡೂ ಕಿಂಡಿ ಒಟ್ಟಿಗೆ ಕಾಣಬೇಕು, ದೊಡ್ಡದು ಯಾವುದು, ಸಣ್ಣದು ಯಾವುದು ಎಂದು ಅವರೇ ನೋಡಬೇಕು. ಆದ್ದರಿಂದ ಗೆರೆಯಿಂದ ಎರಡೇ ಮೊಳ ಈಚೆಗೆ, ಅಣ್ಣನ ಗಾಜಿಗೆ ತೀರ ಹತ್ತಿರವಾಗಿ, ಗುದ್ದಲಿ ಹಾಕಿದೆ.

ಮಣ್ಣು ಮೊಳದಷ್ಟು ದಪ್ಪವಿತ್ತು. ಅದರ ಕೆಳಗೆ ಅಜ್ಜನ ಕಾಲದ ಬೇವಿನ ಎಲೆ, ಅದರ ಕೆಳಗೆ ತೊಗರಿ ಕಟ್ಟಿಗೆ. ಅಂಗಿ ತೊಯ್ದು ಬೆನ್ನಿಗೆ ಅಂಟಿತು. ಕೊನೆಯ ಕಟ್ಟಿಗೆ ಮುರಿದಾಗ ಎಲ್ಲವೂ ದಪ್ಪೆಂದು ಕೆಳಗೆ ಬಿತ್ತು. ಕೆಳಗಿನಿಂದ ವೈನಿಯ ಕೂಗು ಕೇಳಿಸಿತು: “ಅಯ್ಯ ಶಿವನ, ಮಾಳಿಗಿ ಬಿತ್ತು!”

ನಮ್ಮ ಮನೆಯಲ್ಲಿ ವೈನಿ ಏಕಿದ್ದಾಳೆ ಎಂದುಕೊಳ್ಳುತ್ತ ಬಗ್ಗಿ ನೋಡಿದೆ. ಧೂಳು ಇಳಿಯಿತು. ಕೆಳಗೆ ಕೌದಿ, ಕೌದಿಯ ಮೇಲೆ ಮಣ್ಣು, ಮಣ್ಣಿನ ನಡುವೆ ತಲೆಯೆಲ್ಲ ಬಿಳಿಯಾದ ಅವ್ವ. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು.

“ಯಾಂವಪಾ ಅಂವ ಮ್ಯಾಲ?”

“ನಾನs ಅವ್ವಾ.”

“ಅಲ್ಲಿ ಏನ ಮಾಡ್ಲಾಕತ್ತಿ?”

“ಬೆಳಕಿಂಡಿ.”

“ಯಾರ ಮನಿಗಿ?”

ಏಳು ಇಯತ್ತೆಗಳಲ್ಲಿ ಯಾವ ಮಾಸ್ತರರೂ ನನಗೆ ಅಷ್ಟು ಕಠಿಣವಾದ ಪ್ರಶ್ನೆ ಕೇಳಿರಲಿಲ್ಲ. ದೇವರ ಮನೆಯ ಹತ್ತಿರ ಗೋಡೆ ನಾಲ್ಕು ಮೊಳ ನಮ್ಮ ಕಡೆಗೆ ಸರಿದಿದೆ. ಆ ಮೂಲೆಗೆ ಸಾವಿರ ಸಲ ಮೊಣಕಾಲು ಬಡಿದುಕೊಂಡವನು ನಾನು. ಮೇಲೆ ನಿಂತಾಗ ಅದೊಂದು ಮಾತ್ರ ನೆನಪಿಗೆ ಬರಲಿಲ್ಲ, ಏಕೆಂದರೆ ಮಾಳಿಗೆಗೆ ಗೋಡೆ ತಿಳಿಯದು. ನಾನು ಬೆವರು ಸುರಿಸಿ ಅಣ್ಣನಿಗೆ ಎರಡನೆಯ ಬೆಳಕಿಂಡಿ ತೋಡಿಕೊಟ್ಟಿದ್ದೆ. ಅದು ಮೊದಲನೆಯದಕ್ಕಿಂತ ನಾಲ್ಕು ಬೆರಳು ದೊಡ್ಡದಾಗಿಯೂ ಇತ್ತು.

ವೈನಿ ತಲೆ ಕೊಡವಿಕೊಂಡು ಮೇಲೆ ನೋಡಿದಳು. “ಬರ್ರಿ ಮೈದುನರ, ಬರ್ರಿ. ಬಾಗಲಾ ತೆರದs ಐತಿ, ಹಿಂಗ ಮ್ಯಾಲಿಂದ ಯಾಕ ಬರತೀರಿ?”

ಸಂಜೆ ಅಣ್ಣ ಬಂದ. ತೂತನ್ನು ಮೊದಲು ಕೆಳಗಿನಿಂದ ನೋಡಿದ, ಆಮೇಲೆ ಹತ್ತಿ ಮೇಲಿನಿಂದ ನೋಡಿದ. ಅವನು ಬೈಯಲಿ ಎಂದು ನಾನು ಮನಸಾರೆ ಹಾರೈಸಿದೆ. ಜಗಳವಾದರೆ ನಾವಿಬ್ಬರೂ ಸಮ ಆಗುತ್ತಿದ್ದೆವು. ಆದರೆ ಆ ಮನುಷ್ಯನಿಗೆ ಇನ್ನೊಬ್ಬರ ಕಷ್ಟ ತಿಳಿಯುವುದೇ ಇಲ್ಲ.

“ಭಾಳ ಚಲೋ ಮಾಡೀದಿ ತಮ್ಮಾ. ದೇವರ ಮನಿ ಮುಂದ ಕತ್ತಲಿತ್ತು.”

“ಮುಚ್ಚಿ ಕೊಡತೀನಿ, ಅಣ್ಣಾ.”

“ಮುಚ್ಚೂದ್ಯಾಕ? ನನ್ನ ಹಳೀ ಗಡಿಗಿ ಐತಿ, ಅದನ್ನ ಇದಕ್ಕ ಕೂಡ್ರಸತೀನಿ. ನನ್ನ ಮಾಳಿಗಿ ಮ್ಯಾಲ ಒಂದ ದಿನಾ ದುಡದೀದಿ. ಮುಯ್ಯಿ ತೀರಸಬೇಕಲ್ಲ? ನಾಳಿ ನಾ ನಿನ್ನ ಮನಿಗಿ ಬರತೀನಿ.”

ಮುಯ್ಯಿ ಎಂದರೆ ದುಡಿಮೆಗೆ ದುಡಿಮೆ. ನಾನು ನಿನ್ನ ಹೊಲದಲ್ಲಿ ಒಂದು ದಿನ ಕಳೆ ಕಿತ್ತರೆ ನೀನು ನನ್ನ ಹೊಲದಲ್ಲಿ ಒಂದು ದಿನ ಕೀಳಬೇಕು. ಬೇಡ ಎನ್ನುವವನು ಹಗೆಯನ್ನು ಊರ ಮುಂದೆ ಸಾರಿದಂತೆ. ನನ್ನ ಹಗೆ ಸಾರುವಂಥದಲ್ಲ, ಮನೆಯೊಳಗೆ ಇಟ್ಟು ಸಾಕುವಂಥದು. ಒಪ್ಪಿಕೊಂಡೆ.

ಮರುದಿನ ಅವನು ಹಗ್ಗವನ್ನೂ ತರಲಿಲ್ಲ, ಲೆಕ್ಕವನ್ನೂ ಮಾಡಲಿಲ್ಲ. “ಕಾಕೂ, ನಿನಗ ಎಲ್ಲಿ ಬೆಳಕ ಬೇಕು?” ಎಂದು ಅವ್ವನನ್ನು ಕೇಳಿದ. ಅವ್ವ ನಮ್ಮ ಪಡಸಾಲೆಯ ನಡುವೆ ನಿಂತು, “ಇಲ್ಲಿ,” ಎಂದಳು. ಅವನು ಒಂದು ಉದ್ದನೆಯ ಕಬ್ಬಿಣದ ಸಲಾಕೆ ತೆಗೆದುಕೊಂಡು, ಅವಳ ತಲೆಯ ನೇರಕ್ಕೆ ಕೆಳಗಿನಿಂದಲೇ ಮಾಳಿಗೆಗೆ ಚುಚ್ಚಿದ. ಮೇಲೆ ಹೋಗಿ ನೋಡಿದರೆ ಸಲಾಕೆಯ ತುದಿ ಮಣ್ಣಿನಲ್ಲಿ ಮೊಳಕೆಯ ಹಾಗೆ ನಿಂತಿತ್ತು. ಇಷ್ಟೇ. ಇಷ್ಟನ್ನು ನನಗೆ ಹೇಳಿಕೊಡಲು ಸರಕಾರ ಏಳು ವರ್ಷ ತೆಗೆದುಕೊಂಡಿತ್ತು, ಆದರೂ ಹೇಳಿರಲಿಲ್ಲ.

ನನ್ನ ಚೌಕಟ್ಟನ್ನು ಅವನು ತಿರುಗಿಸಿ ತಿರುಗಿಸಿ ನೋಡಿ, ಏನೂ ಅನ್ನದೆ ಕೆಳಗಿಟ್ಟು, ಅಂಗಡಿಯಿಂದ ಬೇರೆ ಡಬ್ಬಿ ತರಿಸಿದ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಡಬ್ಬಿಯನ್ನು ಮಾಳಿಗೆಯಿಂದ ಒಂದು ಗೇಣು ಮೇಲೆ ಬರುವಂತೆ ನಿಲ್ಲಿಸಿ, ಸುತ್ತಲೂ ಹೊಟ್ಟು ಸಗಣಿ ಕಲಸಿದ ಬಿಳಿ ಮಣ್ಣನ್ನು ಬಡಿದು ಕೂರಿಸಿದ. ನನ್ನ ಸರ್ಟಿಫಿಕೇಟಿನ ಗಾಜನ್ನು ನೀರಿನ ಹಾದಿಯ ಕಡೆಗೆ ತುಸು ಇಳಿಜಾರಾಗಿ ಇಟ್ಟು, ಅಂಚಿಗೆಲ್ಲ ಅಗಸೆ ಎಣ್ಣೆಯಲ್ಲಿ ನಾದಿದ ಸೀಮೆಸುಣ್ಣದ ಪುಡಿ ಮೆತ್ತಿದ. ನಾನು ಮಣ್ಣು ಕೊಟ್ಟೆ, ನೀರು ಕೊಟ್ಟೆ. ನನ್ನ ಮನೆಯಲ್ಲಿ ನಾನು ಆಳು.

ಮಧ್ಯಾಹ್ನ ಅವ್ವ ಕೌದಿಯನ್ನು ನಮ್ಮ ಪಡಸಾಲೆಯಲ್ಲಿ ಹರವಿದಳು. ನನ್ನ ತಾಸು ನನಗೆ ಮರಳಿ ಬಂತು. ನಾನು ಅಡ್ಡಾಗಿ, ಸುದ್ದಿ ಹೇಳಲಿ ಎಂದು ಕಾದೆ. ಅವಳು ಒಂದೇ ಸಲಕ್ಕೆ ಸೂಜಿ ಪೋಣಿಸಿ, ತಲೆ ಎತ್ತಿ ಗಾಜು ನೋಡಿ, “ನಿಮ್ಮ ಅಣ್ಣನ ಕೈ ಅಂದ್ರ ಕೈ ಬಿಡಪಾ,” ಎಂದಳು. ಮರುದಿನವೂ ಅದೇ ಸುದ್ದಿ. ಅಣ್ಣ ಮಣ್ಣು ಹೇಗೆ ನಾದಿದ, ಅಣ್ಣ ಇಳಿಜಾರು ಹೇಗೆ ಹಿಡಿದ. ಅವಳು ಅವನ ಮನೆಯಲ್ಲಿ ಕೂತಾಗ ಅಲ್ಲಿ ನನ್ನ ಸುದ್ದಿ ಹೇಳುತ್ತಿದ್ದಳೋ ಏನೋ, ಆಗ ನಾನು ಗೋಡೆಗೆ ಇನ್ನೂ ಗಟ್ಟಿಯಾಗಿ ಕಿವಿ ಹಚ್ಚಬೇಕಿತ್ತು.

ನನಗೆ ಉಳಿದ ಆಸೆ ಒಂದೇ, ಮಳೆ. ಮೊದಲ ದೊಡ್ಡ ಮಳೆ ಹಗಲಲ್ಲೇ ಬಂತು. ಊರೆಲ್ಲ ಮಾಳಿಗೆ ಸೋರದಿರಲೆಂದು ದೇವರಿಗೆ ಕೈಮುಗಿಯುತ್ತಿದ್ದಾಗ, ನಾನು ಅಂಗಡಿ ಮುಚ್ಚಿ ಓಡಿಬಂದು, ಕಿಂಡಿಯ ಕೆಳಗೆ ಒಂದು ತಪೇಲಿ ಇಟ್ಟುಕೊಂಡು ಕೂತೆ. ಒಂದೇ ಹನಿ ಸಾಕಾಗಿತ್ತು. ಒಂದು ಹನಿ ಬಿದ್ದರೆ ಅದನ್ನು ಅವ್ವನಿಗೆ ತೋರಿಸಿ, ಏನೂ ಅನ್ನದೆ ಸುಮ್ಮನೆ ಇರುವುದೆಂದು ನಿರ್ಧರಿಸಿದ್ದೆ. ಗಾಜಿನ ಮೇಲೆ ಮಳೆ ಬಡಿಯಿತು, ನೀರು ಇಳಿಜಾರು ಹಿಡಿದು ಸರಸರನೆ ಹರಿದುಹೋಯಿತು. ಅರ್ಧ ತಾಸು ಕಾದೆ. ತಪೇಲಿ ಒಣಗಿಯೇ ಇತ್ತು.

ಅವ್ವ ಕೌದಿಯಿಂದ ತಲೆ ಎತ್ತಿದಳು.

“ಆ ತಪೇಲಿ ಯಾಕಪಾ?”

“ಸುಮ್ನ.”

“ಸುಮ್ನ ಕುಂದ್ರೂದಿದ್ರ ಆ ಕಡಿ ಕುಂದ್ರು. ನನ್ನ ಬೆಳಕಿಗಿ ಅಡ್ಡ ಆಗಬ್ಯಾಡ.”

ನಾನು ತಪೇಲಿ ತೆಗೆದುಕೊಂಡು ಸರಿದು ಕೂತೆ.