ಉಂಡರೆ ಒಪ್ಪಿದಂತೆ

ಮಧುಗಿರಿಯಲ್ಲಿ ಗಂಡಿನ ಮನೆ ನೋಡಲು ಹೊರಟವರು ನಮ್ಮ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರನ್ನು ಬಿಟ್ಟು ಹೋಗುತ್ತಿರಲಿಲ್ಲ. ಹೋದಲ್ಲಿ ಮೇಷ್ಟ್ರು ನಲ್ಲಿ ತಿರುಗಿಸಿ ನೀರು ನೋಡುವರು, ಹಿತ್ತಲಿಗೆ ಇಣುಕುವರು. ಊಟಕ್ಕೆ ಎಲೆ ಹಾಕಿದರೆ ಮಾತ್ರ ಟವಲ್ ಕೊಡವಿ ಎದ್ದುಬಿಡುವರು.

"ಉಂಡ್ರೆ ಒಪ್ಪಿದಂಗೆ ಕಣಪ್ಪ. ಮೊದ್ಲು ಮನೆಗೋಗಿ ಯೋಚ್ನೆ ಮಾಡಾಣ."

ನಿವೃತ್ತಿ ಹತ್ತಿರವಾದಾಗ, ಮಧುಗಿರಿಯ ಈ ಏಕಶಿಲಾ ಬೆಟ್ಟದ ಕೆಳಗೆ ಬಿಸಿಲಲ್ಲಿ ಬೆಂದದ್ದು ಸಾಕೆಂದು, ಶ್ರೀಲಂಕಾದಲ್ಲಿ ನೆಲೆಸುವ ಹುಕಿ ಅವರಿಗೆ ಹತ್ತಿತು. ಹೆಂಡತಿಗೆ ಸುತರಾಂ ಇಷ್ಟವಿರಲಿಲ್ಲ.

"ಸುಮ್ನೆ ನೋಡ್ಕಂಡು ಬರಾಣ ಬಾರೇ," ಎಂದು ಪುಸಲಾಯಿಸಿ ಕರೆದುಕೊಂಡು ಹೋದರು.

ಕ್ಯಾಂಡಿಯಲ್ಲಿ ಬಾಡಿಗೆಗೆ ಖಾಲಿಯಿದ್ದ ಮನೆಯೊಂದರ ನಲ್ಲಿ ತಿರುಗಿಸಿದರು, ಹಿತ್ತಲಿಗೆ ಇಣುಕಿದರು, ಮನಸೋತರು. ಅಷ್ಟರಲ್ಲಿ ಪಕ್ಕದಲ್ಲೇ ವಾಸವಿದ್ದ ಮನೆಯೊಡತಿ ಬಿಸಿ ಅನ್ನ, ತೆಂಗಿನಹಾಲು ಹಾಕಿದ ಹಲಸಿನಕಾಯಿ ಪಲ್ಯ ತಂದಿಟ್ಟಳು. ಮೇಷ್ಟ್ರು ಅಭ್ಯಾಸಬಲದಿಂದ ಟವಲ್ ಕೊಡವಿ ಎದ್ದು, ಕೈಮುಗಿದು, ಅಂಗಳದಲ್ಲಿ ಹೋಗಿ ಹಸಿದು ನಿಂತರು. ಹೆಂಡತಿ ಏಳಲಿಲ್ಲ.

ಊರಿಗೆ ಬಂದ ಮೇಲೆ ನಾವೆಲ್ಲ ಸುತ್ತ ಕೂತು ಏನಾಯಿತೆಂದು ಕೇಳಿದೆವು.

"ಮನೆಯೇನೋ ಚೆಂದಾಗೈತೆ. ಆದ್ರೆ ನಾನಿನ್ನೂ ಒಪ್ಪಿಲ್ಲ," ಎಂದು ಮೇಷ್ಟ್ರು ಗತ್ತಿನಿಂದ ಹೇಳಿದರು.

ಅಡುಗೆಮನೆಯಿಂದ ಹೆಂಡತಿಯ ದನಿ ಕೇಳಿಸಿತು: "ನಾನು ಎರಡೆರಡು ಸಲ ಬಡಿಸ್ಕಂಡು ಉಂಡ್ಬುಟ್ಟಿದೀನಿ. ಇನ್ನೇನ್ ಯೋಚ್ನೆ? ಸಾಮಾನು ಕಟ್ರಿ!"